ಹೇಳೋದಕ್ಕೆ ನಾನು ಯಾರು ಅಂತ ಕೇಳಿದವಳಿಗೆ

ಪ್ರೀತಿಯ ಪುಟ್ಟಿಗೆ,

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದನ್ನು ಮತ್ತೆ ಬರೆಯುವುದಿಲ್ಲ. ಕೆರೆ ಶಾಸನಗಳ ಮೇಲೆ ಪ್ರಬಂಧ ಬರೆಯಬೇಕು ಅಂತ ಬರೆದ ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲು ಇದೆಯಲ್ಲ, ಅದಕ್ಕಷ್ಟೇ ಈ ಉತ್ತರ. "ಅಷ್ಟು ದೊಡ್ಡವರೆಲ್ಲ ಬರೆದ ಮೇಲೆ ಇದನ್ನ ಹೇಳೋದಕ್ಕೆ ನಾನು ಯಾರು ದೊಡ್ಡಮ್ಮ?" ಅಂತ ಕೇಳಿದ್ದೀಯ. ಗೈಡ್ ಏನಂದರು, ಎಷ್ಟು ಪುಟ ಬೇಕಂತೆ, ಯಾವತ್ತು ಒಪ್ಪಿಸಬೇಕು, ಇವೆಲ್ಲ ಹೇಗೋ ಆಗುತ್ತವೆ. ಆ ಸಾಲು ಮಾತ್ರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಓದಿದ ದಿನ ಸರಿಯಾಗಿ ನಿದ್ದೆಯೂ ಬರಲಿಲ್ಲ.

ಯಾಕೆ ಅಂದರೆ ಅದಕ್ಕೆ ಮೊದಲಿನ ಪುಟದಲ್ಲಿ ನೀನೇ ಎಷ್ಟು ಒಳ್ಳೆಯ ಮಾತು ಬರೆದಿದ್ದೀಯ! ಕೋಲಾರದ ಕೆರೆ ಶಾಸನಗಳನ್ನು ಓದುತ್ತಾ ಹೋದೆ, ಕೆರೆ ಕಟ್ಟಿಸಿದವನ ಹೆಸರು ಸಿಗುತ್ತದೆ, ಕೆರೆಯ ಸಲುವಾಗಿ ಬಿತ್ತುವಟ್ಟದ ಭೂಮಿ ಬಿಟ್ಟವನ ಹೆಸರು ಸಿಗುತ್ತದೆ, ತೂಬು ಎತ್ತಿ ಗದ್ದೆಗೆ ನೀರು ಬಿಟ್ಟವನ ಹೆಸರು ಕಾಣಲಿಲ್ಲ, ಯಾಕೆ ಅಂತ. ಅದು ಪ್ರಬಂಧವೇ ಅಲ್ವಾ? ಆ ಪ್ರಶ್ನೆ ನಿನಗೆ ಯಾರೂ ಹೇಳಿಕೊಟ್ಟದ್ದಲ್ಲ. ಹತ್ತು ಸಾಲು ಕೆಳಗೆ ಬಂದು ನಾನು ಯಾರು ಅಂತ ಕೇಳಿದರೆ ನನಗೆ ಸಂಕಟವಾಗದೆ ಇರುತ್ತದೆಯೇ?

ನಿನ್ನ ಹೆದರಿಕೆ ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳ ಮುಂದೆ ಕೂತಾಗ ಹುಟ್ಟಿದ್ದು ಅಂತ ಕಾಣುತ್ತದೆ. ಹುಟ್ಟುವುದು ಸಹಜ. ಬೆಂಗಳೂರಿನಲ್ಲೇ ಹುಟ್ಟಿದ ಮನುಷ್ಯ. ಹಳೆಯ ಮೈಸೂರು ಸೀಮೆಯ ಊರೂರಿನ ಕಲ್ಲುಗಳಿಂದ ಒಂಬತ್ತು ಸಾವಿರದ ಹತ್ತಿರ ಶಾಸನ ಸೇರಿಸಿದರು. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾದ ಅವರ ಶಾಸನ ಮಾಲೆ ಎಪಿಗ್ರಾಫಿಯಾ ಕರ್ನಾಟಿಕ 1905ರ ಹೊತ್ತಿಗೆ ಹನ್ನೆರಡು ಸಂಪುಟವಾಯಿತು. ನಿನ್ನ ಮೇಜಿನ ಮೇಲಿರುವ ಕೋಲಾರದ ಹತ್ತನೆಯ ಸಂಪುಟ 1905ರದ್ದು. ಇಷ್ಟೆಲ್ಲ ಮಾಡಿಟ್ಟವರ ಎದುರು ಹುಡುಗಿಯೊಬ್ಬಳು ಏನು ಹೇಳುವುದು ಅನ್ನಿಸುತ್ತದೆ.

ಆದರೆ ಎರಡನೆಯ ಸಂಪುಟಕ್ಕೆ ಏನಾಯಿತು ನೋಡು. ಶ್ರವಣಬೆಳಗೊಳದ ಸಂಪುಟ. 1889ರಲ್ಲಿ ರೈಸ್ ಅದನ್ನು ಹೊರತಂದಾಗ 144 ಶಾಸನ ಇದ್ದವು. ಅವರ ನಂತರ ಮೈಸೂರಿನ ಪುರಾತತ್ವ ಇಲಾಖೆ ನೋಡಿಕೊಂಡ ಆರ್. ನರಸಿಂಹಾಚಾರ್ಯರು ಅದೇ ಊರನ್ನು, ಅದೇ ಬೆಟ್ಟಗಳನ್ನು ಮತ್ತೆ ನೋಡಿದರು. 1923ರ ಅವರ ಆವೃತ್ತಿಯಲ್ಲಿ 500 ಶಾಸನ. ಅದೂ ಮುಗಿದ ಲೆಕ್ಕವಾಗಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಪರಿಷ್ಕರಿಸಿ ತಂದಾಗ 573 ಆಯಿತು. ರೈಸ್ ಅವರ ಮೇಲಿನ ಗೌರವ ಇದರಿಂದ ಒಂದು ಕೂದಲಿನಷ್ಟೂ ಕಡಿಮೆಯಾಗಲಿಲ್ಲ. ನರಸಿಂಹಾಚಾರ್ಯರು ಆ ಬೆಟ್ಟ ಹತ್ತುವಾಗ ನಾನು ಯಾರು ಅಂದುಕೊಂಡು ಅರ್ಧದಲ್ಲಿ ಇಳಿದುಬಿಟ್ಟಿದ್ದರೆ?

ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಬೀಡನ್ ಅನ್ನುವ ಗಣಿ ಎಂಜಿನಿಯರ್‌ನಿಂದ. ಚಿನ್ನ ಹುಡುಕುತ್ತಾ ಹೋದವನು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಗಟ್ಟಿಯಾಗಿ ಹೇಳಲು ಆಧಾರ ಕೊಟ್ಟದ್ದು ಆ ಬಂಡೆ. ರೈಸ್ ಹಾಸನ ಜಿಲ್ಲೆಯ ಸಂಪುಟ ಮಾಡಿ ಮೂವತ್ತು ವರ್ಷದ ಮೇಲಾಗಿತ್ತು, 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಆ ಹಳೆಯ ಕನ್ನಡ ಶಾಸನದ ಕಲ್ಲು ಕಂಡರು. ಅದಿಲ್ಲದೆ ಈಗ ಕನ್ನಡ ಶಾಸನಗಳ ಪಾಠವೇ ಶುರುವಾಗುವುದಿಲ್ಲ.

ನೀನು ಹೇಳಬಹುದು: ಅವರೆಲ್ಲ ಹೊಸ ಕಲ್ಲು ಕಂಡರು, ನಾನು ಅಚ್ಚಾದದ್ದನ್ನೇ ಓದುತ್ತಿದ್ದೇನೆ ಅಂತ. ಸರಿ. ಆದರೆ ಓದಿದ್ದನ್ನೇ ಬೇರೆ ಕಡೆಯಿಂದ ನೋಡಿದ್ದೀಯಲ್ಲ. ಪೋರುಮಾಮಿಳ್ಳದ ಶಾಸನ ಸಿಕ್ಕಿದರೆ ಓದು. ಈಗಿನ ಆಂಧ್ರದ ಕಡಪ ಸೀಮೆಯದು, 1369ರದ್ದು, ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ಒಳ್ಳೆಯ ಕೆರೆಗೆ ಏನೇನು ಇರಬೇಕು, ಕೆಟ್ಟ ಕೆರೆಯ ದೋಷಗಳೇನು ಅಂತ ಅದರಲ್ಲಿ ಪಟ್ಟಿಯೇ ಇದೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷ ಕೆಲಸ ನಡೆಯಿತು ಅಂತಲೂ ಇದೆ. ಕಟ್ಟಿಸಿದ ಅರಸುಕುಮಾರನ ಹೆಸರು ಉಳಿಯಿತು. ಆ ಸಾವಿರ ಜನ ಸಾವಿರ ಅನ್ನುವ ಲೆಕ್ಕವಾಗಿ ಉಳಿದರು. ನಿನ್ನ ಪ್ರಶ್ನೆ ನಿಂತಿರುವುದು ಇಂಥ ಜಾಗದಲ್ಲಿ. ಇಂಥ ಕಡೆ ಕೇಳುವುದಕ್ಕೆ ದೊಡ್ಡ ಹೆಸರು ಬೇಕಿಲ್ಲ ಮಗಳೇ.

ನನ್ನ ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಿಮ್ಮ ಅಮ್ಮನಿಗೂ ಪೂರ್ತಿ ಗೊತ್ತಿಲ್ಲ. ಎಂ.ಎ. ಎರಡನೆಯ ವರ್ಷದಲ್ಲಿ ನಾನೂ ಕೆರೆಯ ವಿಷಯವನ್ನೇ ಹಿಡಿದಿದ್ದೆ. ಶಾಸನದ ಕಡೆಯಿಂದಲ್ಲ, ನಮ್ಮೂರಿನ ಕೆರೆಯ ಕಡೆಯಿಂದ. ಮಳೆಗಾಲಕ್ಕೆ ಮೊದಲು ರಾಜಕಾಲುವೆ ಯಾರು ಬಿಡಿಸಬೇಕು, ಯಾವ ಗದ್ದೆಗೆ ಮೊದಲು ನೀರು, ನೀರು ಕಡಿಮೆ ಬಿದ್ದ ವರ್ಷ ಯಾರ ಗದ್ದೆ ಬಿಡಬೇಕು, ಇದೆಲ್ಲ ಕೆರೆಯ ನೀರು ಹಂಚುವ ನಮ್ಮೂರಿನ ನೀರಗಂಟಿ ತಾತನಿಗೆ ಬಾಯಲ್ಲೇ ಇತ್ತು. ಕೆರೆ ಏರಿಯ ಮೇಲೆ ಕೂತು ಅವನು ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಊರಿನ ಇಡೀ ಬೆಳೆ ಅವನ ಕೈಯಲ್ಲಿತ್ತು. ಆದರೂ ಊರಿನ ಎಷ್ಟೋ ಮನೆಗಳ ಜಗಲಿ ಅವನು ಹತ್ತುವ ಹಾಗಿರಲಿಲ್ಲ. ಆ ಮಾತು ಅವನೇ ಹೇಳಿದ, ಸಿಟ್ಟಿಲ್ಲದೆ ಹೇಳಿದ.

ಅದನ್ನು ತರಗತಿಯ ಸೆಮಿನಾರಿನಲ್ಲಿ ಓದಿದೆ. ಒಬ್ಬ ಮೇಷ್ಟರು, ಇದು ಯಾವ ಪುಸ್ತಕದಲ್ಲಿದೆ ಅಂತ ಕೇಳಿದರು. ಪುಸ್ತಕದಲ್ಲಿಲ್ಲ ಸರ್, ಕೇಳಿ ಬರೆದದ್ದು ಅಂದೆ. ಕೇಳಿದ್ದಕ್ಕೆಲ್ಲ ಪ್ರಮಾಣ ಏನು, ಇದನ್ನೆಲ್ಲ ಹೇಳುವುದಕ್ಕೆ ನೀನು ಯಾರು ಅಂದರು. ಯಾರೂ ನಗಲಿಲ್ಲ, ಯಾರೂ ಏನೂ ಅನ್ನಲಿಲ್ಲ. ನಾನು ಕೂತೆ. ಮುಂದಿನ ವರ್ಷ ಅಪ್ಪನಿಗೆ ಕಾಯಿಲೆ ಆಯಿತು, ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು, ಸಂಸಾರ ಆಯಿತು. ಮತ್ತೆ ಊರಿಗೆ ಹೋಗಿ ಬಿಟ್ಟುಹೋದದ್ದನ್ನು ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ತಾತ ತೀರಿಕೊಂಡಿದ್ದ. ಅವನ ಮಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ. ಅವನಿಗೆ ಯಾವ ತೂಬು ಯಾವಾಗ ಎತ್ತಬೇಕು ಅಂತ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಬಂದಿರಲಿಲ್ಲ.

ಇಷ್ಟು ವರ್ಷ ಆದರೂ ನನಗೆ ಆ ಮೇಷ್ಟರ ಮೇಲೆ ಕೋಪ ಉಳಿದಿಲ್ಲ. ತಾತನ ಮಾತು ಹೋಯಿತಲ್ಲ ಅನ್ನುವ ನೋವು ಮಾತ್ರ ಇದೆ. ನಿನ್ನ ಸಾಲು ಓದಿದಾಗ ಎದ್ದದ್ದು ಅದೇ ನೋವು. ನನ್ನನ್ನು ಆ ಮಾತು ಬೇರೆಯವರು ಕೇಳಿದರು. ನೀನು ಯಾರೂ ಕೇಳುವ ಮೊದಲೇ ನಿನ್ನನ್ನೇ ಕೇಳಿಕೊಳ್ಳುತ್ತಿದ್ದೀಯ.

ಪ್ರಮಾಣ ಕೇಳುವುದು ತಪ್ಪಲ್ಲ. ಅದನ್ನು ಕೇಳಲೇಬೇಕು. ಅದಕ್ಕೆ ಉತ್ತರ ನಿನ್ನ ನೋಟ್‌ಬುಕ್ಕಿನಲ್ಲಿ ಇರಬೇಕು ಅಷ್ಟೆ. ಶಾಸನ ಏನು ಹೇಳುತ್ತದೆ ಅನ್ನುವುದು ಒಂದು ಕಡೆ, ಅದರ ಬಗ್ಗೆ ಬೇರೆಯವರು ಏನಂದರು ಅನ್ನುವುದು ಇನ್ನೊಂದು ಕಡೆ, ನಿನಗೆ ಏನನ್ನಿಸುತ್ತದೆ ಅನ್ನುವುದು ಮತ್ತೊಂದು ಕಡೆ ಬರಿ. ಮೂರನ್ನೂ ಕಲಸಬೇಡ. ಕಲಸಿದರೆ ಮೂರನೆಯದನ್ನು ಹೇಳುವಾಗ ಖಂಡಿತ ಹೆದರಿಕೆ ಆಗುತ್ತದೆ, ಯಾವುದು ನಿನ್ನದು ಅಂತ ನಿನಗೇ ಗೊತ್ತಿರುವುದಿಲ್ಲವಲ್ಲ. ಬರೆದುಕೊಳ್ಳುವಾಗಲೇ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ, ಪುಟ ಹಾಕಿಕೋ. ಆಮೇಲೆ ಹುಡುಕೋಣ ಅಂದರೆ ಆಗುವುದಿಲ್ಲ. ಇದನ್ನೆಲ್ಲ ನಿಮ್ಮ ಗೈಡ್ ಹೇಳಿರುತ್ತಾರೆ, ಆದರೂ ಬರೆದೆ.

ವಿಷಯ ಮಾತ್ರ ಸ್ವಲ್ಪ ಚಿಕ್ಕದು ಮಾಡು. ಜಿಲ್ಲೆಯೆಲ್ಲ ಬೇಡ. ಕೋಲಾರದಲ್ಲಿ ಗಂಗರ ಕಾಲದಿಂದ ವಿಜಯನಗರದವರೆಗೆ ಶಾಸನ ಇವೆ, ಚೋಳರ ಕಾಲದ್ದು ತಮಿಳಿನಲ್ಲಿಯೂ ಇವೆ. ಒಂದು ಸೆಮಿಸ್ಟರಿಗೆ ಅದು ಭಾರ. ನಿನ್ನ ಊರಿನ ಸುತ್ತಲಿನ ಒಂದು ತಾಲ್ಲೂಕು, ಒಂದು ಕಾಲ ಸಾಕು. ಚಿಕ್ಕ ಜಾಗದಲ್ಲಿ ಎಲ್ಲವನ್ನೂ ನೋಡಿದವಳಿಗೆ ನೀನು ಯಾರು ಅಂತ ಕೇಳುವವರು ಕಡಿಮೆ.

ಸಾಧ್ಯವಾದರೆ ಒಂದೆರಡು ಕೆರೆಗೆ ಹೋಗಿ ಆ ಕಲ್ಲು ಇದೆಯೇ ನೋಡು. ಬೆಳಗ್ಗೆ ಬೇಗ ಅಥವಾ ಸಂಜೆ ಹೋಗು, ಬಿಸಿಲು ಓರೆಯಾಗಿ ಬಿದ್ದರೆ ಅಕ್ಷರ ಕಾಣುತ್ತವೆ. ಸುಣ್ಣ, ಬಣ್ಣ ಬಳಿಯಬೇಡ. ರೈಸ್ ಕಾಲದಲ್ಲಿ ಏರಿಯ ಮೇಲೆ ಇತ್ತು ಅಂತ ಬರೆದ ಕಲ್ಲು ಈಗ ಯಾರದೋ ಮನೆಯ ಮೆಟ್ಟಿಲಾಗಿರಬಹುದು, ಇಲ್ಲದೆಯೂ ಇರಬಹುದು. ಇಲ್ಲ ಅಂತ ಬರೆಯುವುದಕ್ಕೂ ಯಾರಾದರೂ ಹೋಗಿ ನೋಡಬೇಕು ತಾನೇ. ನೀನು ನೋಡಿದ್ದರೆ ಅದನ್ನು ಹೇಳುವವಳು ನೀನೇ. ಅಲ್ಲಿ ವಯಸ್ಸಾದವರು ಸಿಕ್ಕಿದರೆ ಕೂತು ಮಾತಾಡು. 2018ರಿಂದ ಕೆ.ಸಿ. ವ್ಯಾಲಿಯ ನೀರು ಬಂದು ಎಷ್ಟೋ ಕೆರೆ ತುಂಬಿವೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಬಿಡುವ ನೀರು. ಈ ನೀರಿಗೆ ಹಳೆಯ ಸರದಿ ಇದೆಯೇ, ನೀರಗಂಟಿ ಇದ್ದಾನೆಯೇ ಅಂತ ಕೇಳು. ಹೇಳಿದವರ ಅನುಮತಿ ತಗೋ, ತಾರೀಖು ಬರೆದುಕೋ. ನಿನ್ನ ಪ್ರಬಂಧಕ್ಕೆ ಅದು ಬೇಕಾಗದೆಯೂ ಹೋಗಬಹುದು. ಆದರೂ ಕೇಳು, ನನ್ನ ಮಾತಿಗಾದರೂ.

ಫ್ರಾನ್ಸಿಸ್ ಬುಕಾನನ್ ಅನ್ನುವ ಬ್ರಿಟಿಷ್ ವೈದ್ಯ 1800ರಲ್ಲಿ ಈ ಸೀಮೆಯಲ್ಲಿ ತಿರುಗಿ ಬರೆದದ್ದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಗಿದೆ. ಅದನ್ನೂ ನೋಡು. ಅವನು ರೈತರನ್ನು ಕೇಳಿ ಕೇಳಿ ಬರೆದುಕೊಂಡ. ಕೇಳಿದ್ದಕ್ಕೆ ಪ್ರಮಾಣ ಏನು ಅಂತ ಅವನನ್ನು ಯಾರೂ ಈಗ ಕೇಳುವುದಿಲ್ಲ, ನಾವೇ ಅವನನ್ನು ಪ್ರಮಾಣ ಅಂತ ಅಡಿಟಿಪ್ಪಣಿಗೆ ಹಾಕುತ್ತೇವೆ. ಆ ಮಾತು ಸೆಮಿನಾರಿನ ದಿನ ನನಗೆ ಹೊಳೆಯಲಿಲ್ಲ.

ಇನ್ನೊಂದು. ನಿಮ್ಮ ಕಾಲೇಜಿನಲ್ಲಿ ಸಾಫ್ಟ್‌ವೇರ್ ಹಾಕಿ ನಕಲು ನೋಡುತ್ತಾರೆ, ಅದಕ್ಕೂ ಭಯ ಅಂದಿದ್ದೀಯ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇಕಡಾ 10ರವರೆಗೆ ಹೋಲಿಕೆ ಇದ್ದರೆ ದಂಡ ಇಲ್ಲ. ಆ ಲೆಕ್ಕ ಇಟ್ಟುಕೊಂಡು ಪದ ತಿರುಚುತ್ತಾ ಕೂರಬೇಡ. ತನ್ನ ಮಾತಿಗೆ ಬೆಲೆ ಇಲ್ಲ ಅಂದುಕೊಂಡವರೇ ಜಾಸ್ತಿ ನಕಲು ಮಾಡುವುದು, ಅದನ್ನು ಮೂವತ್ತು ವರ್ಷ ಪಾಠ ಮಾಡಿ ನೋಡಿದ್ದೇನೆ. ಆ ಎಐ ಅನ್ನು ನೀನು ಕೇಳಿದರೂ ಅಷ್ಟೆ. ಅದು ಕೊಟ್ಟ ಪುಸ್ತಕದ ಹೆಸರು, ಪುಟ, ಶಾಸನದ ಸಂಖ್ಯೆ ಇವನ್ನು ನಿನ್ನ ಕಣ್ಣಿನಿಂದ ನೋಡದೆ ಹಾಕಬೇಡ. ಇಲ್ಲದ ಪುಸ್ತಕವನ್ನೂ ಇದೆ ಅನ್ನುತ್ತದೆ. ಶಾಸನ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸಿಗುತ್ತವೆ, ಬೇರೆಯವರ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಅನ್ನುವ ಜಾಲತಾಣದಲ್ಲಿ ಸಿಗುತ್ತವೆ. ಅವನ್ನು ಓದುವಾಗ ಮತ್ತೆ ಅದೇ ಭಯ ಬರುತ್ತದೆ, ಇವರೇ ಎಲ್ಲ ಹೇಳಿಬಿಟ್ಟರು ಅಂತ. ಬಂದಾಗ ನಿನ್ನ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೋ. ಆ ಪ್ರಶ್ನೆಯನ್ನು ಅವರು ಕೇಳಿದ್ದಾರೆಯೇ ಅಂತ ಮಾತ್ರ ನೋಡು. ಕೇಳಿದ್ದರೆ ಒಳ್ಳೆಯದೇ, ಮಾತಾಡುವುದಕ್ಕೆ ಜೊತೆ ಸಿಕ್ಕಿತು.

ಮುನ್ನುಡಿಯಿಂದ ಶುರು ಮಾಡಬೇಡ. ಅಲ್ಲೇ ನಾನು ಯಾರು ಅನ್ನುವ ಮಾತು ಕಾಲು ಹಿಡಿಯುತ್ತದೆ. ನಿನಗೆ ಜಾಸ್ತಿ ಇಷ್ಟವಾದ ಒಂದು ಶಾಸನ ತಗೋ, ಅದರ ಬಗ್ಗೆ ಎರಡು ಪುಟ ಬರಿ. ಮುನ್ನುಡಿ ಕೊನೆಗೆ. ಗೊತ್ತಿರುವ ಕಡೆ ನೇರವಾಗಿ ಹೇಳು. ಊಹೆ ಇರುವ ಕಡೆ ನನಗೆ ಹೀಗೆ ಕಾಣುತ್ತದೆ ಅನ್ನು. ಆದರೆ ಪ್ರತಿ ಸಾಲಿಗೂ ಬಹುಶಃ ಹಾಕಿ ತಲೆ ತಗ್ಗಿಸಬೇಡ. ನಾನು ಓದಿದ ಇಷ್ಟು ಶಾಸನಗಳಲ್ಲಿ ಕಾಣಲಿಲ್ಲ ಅಂತ ಬರೆದರೆ ಅದು ಪೂರ್ತಿ ನಿಜದ ಮಾತು. ಅದರ ಮೇಲೆ ನೀನು ನಿಲ್ಲಬಹುದು. ಯಾಕೆ ಹೆಸರಿಲ್ಲ ಅನ್ನುವುದಕ್ಕೆ ಉತ್ತರ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರಿ. ಮೊದಲ ಪ್ರಬಂಧದಲ್ಲಿ ಅಷ್ಟು ಸಾಕು ಅಂತ ನನಗನ್ನಿಸುತ್ತದೆ. ನಿಮ್ಮ ಗೈಡ್ ಬೇರೆ ಹೇಳಿದರೆ ಅವರ ಮಾತು ಕೇಳು. ನಾನು ಹೈಸ್ಕೂಲು ಮೇಷ್ಟ್ರಮ್ಮ, ಈಗಿನ ಕ್ರಮ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನೀರಗಂಟಿ ತಾತ ಹೇಳಿದ್ದನ್ನು ಬರೆದುಕೊಂಡ ನೋಟ್‌ಬುಕ್ ಇನ್ನೂ ಇದೆ. ಇಂಕು ಕೆಲವು ಕಡೆ ಹರಡಿದೆ, ಓದಲು ಆಗುತ್ತದೆ. ನಿನ್ನ ಪರೀಕ್ಷೆ ಮುಗಿದ ಮೇಲೆ ಬಂದು ನೋಡು, ಬೇಕಾದ ಪುಟದ ಫೋಟೋ ತಗೋ. ಬಳಸಿದರೆ ಯಾವ ಊರು, ಯಾವ ವರ್ಷ, ಯಾರು ಹೇಳಿದ್ದು, ಯಾರು ಬರೆದುಕೊಂಡದ್ದು ಅಂತ ಪೂರ್ತಿ ಹಾಕು. ತಾತನ ಹೆಸರು ಮೊದಲ ಪುಟದಲ್ಲೇ ಬರೆದಿದ್ದೇನೆ. ಅದನ್ನು ಹಾಕುವ ಮೊದಲು ಅವರ ಮನೆಯವರನ್ನು ಒಮ್ಮೆ ಕೇಳಬೇಕು. ಮಗನ ಫೋನ್ ನಂಬರು ಊರಿನಲ್ಲಿ ಸಿಗುತ್ತದೆ, ನಾನೇ ವಿಚಾರಿಸುತ್ತೇನೆ. ಅಷ್ಟರೊಳಗೆ ಆ ಎರಡು ಪುಟ ಬರೆದು ಕಳಿಸು.

ನಿನ್ನ
ದೊಡ್ಡಮ್ಮ