ಪಣಂಬೂರಿನ ಅದಿರಿಗೆ ಎಷ್ಟು ನೀರು, ಯಾವ ನೀರು?

ಮಾನ್ಯರೇ,

ಬಂದರಿನಲ್ಲಿ ಕಬ್ಬಿಣದ ಅದಿರಿನ ಧೂಳಿನ ಮಾತು ಬಂದಾಗಲೆಲ್ಲ ಸಿಗುವ ಉತ್ತರ ಒಂದೇ: ಟ್ಯಾಂಕರ್ ತಂದು ನೀರು ಹೊಡೆಯಿರಿ. ಎಷ್ಟು ಹೊಡೆಯಬೇಕು, ಯಾವ ನೀರು ಎಂದು ಕೇಳುವವರು ಕಡಿಮೆ. 2010ರ ರಫ್ತು ನಿಷೇಧಕ್ಕೆ ಮುಂಚೆ ನಮ್ಮ ಚಿತ್ರದುರ್ಗದ ಕಡೆಯ ಅದಿರು ಘಟ್ಟ ಇಳಿದು ಪಣಂಬೂರಿನಲ್ಲಿರುವ ನವಮಂಗಳೂರು ಬಂದರು ಸೇರುತ್ತಿತ್ತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರಫ್ತಿಗೆ ಮತ್ತೆ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಈ ಲೆಕ್ಕ ಕರಾವಳಿಯವರದ್ದು ಮಾತ್ರವಲ್ಲ.

ಒಂದು ಟನ್ ಅದಿರಿನ ತೇವಾಂಶ ಶೇ 1ರಷ್ಟು ಏರಬೇಕಾದರೆ ಸುಮಾರು 10 ಲೀಟರ್ ನೀರು ಬೇಕು. 50,000 ಟನ್ ರಾಶಿಗೆ 5 ಲಕ್ಷ ಲೀಟರ್. ಆದರೆ ಗಾಳಿಗೆ ಏಳುವುದು ರಾಶಿಯ ಹೊರಮೈ ಮಾತ್ರ, ಒಳಗಿನದು ತೇವವಾಗಿಯೇ ಇರುತ್ತದೆ. ರೇನ್‌ಗನ್‌ನಿಂದ (ನೀರನ್ನು ಮಳೆಯಂತೆ ಚಿಮ್ಮಿಸುವ ಸಾಧನ) ಒಂದು ಸಲಕ್ಕೆ 2 ಮಿಲಿಮೀಟರ್ ಸಿಂಪಡಿಸಿದರೆ ಹೆಕ್ಟೇರಿಗೆ 20,000 ಲೀಟರ್ ಆಯಿತು, ಮೇಲೆ ತೆಳು ಹೊರಪದರ ಕಟ್ಟಿಕೊಳ್ಳುತ್ತದೆ. ಟ್ಯಾಂಕರಿನ ಪೈಪ್ ಹಿಡಿದು ಹೊಡೆದರೆ ಅದೇ ನೀರು ಒಂದು ಕಡೆ ಗುಂಡಿ ಕೊರೆದು, ಇನ್ನೊಂದು ಕಡೆಯನ್ನು ಒಣಗಾಗಿಯೇ ಬಿಡುತ್ತದೆ.

ನೀರು ಹೆಚ್ಚಾದರೆ ಇನ್ನೂ ಕಷ್ಟ. ಹಡಗಿನ ಅಲುಗಾಟಕ್ಕೆ ಕಣಗಳ ನಡುವಿನ ನೀರಿನ ಒತ್ತಡ ಏರಿ, ಗಟ್ಟಿಯಾಗಿ ಕಂಡ ಅದಿರಿನ ಪುಡಿ ಕೆಸರಾಗಿ ಒಂದು ಮಗ್ಗುಲಿಗೆ ಸರಿಯುತ್ತದೆ. 2009ರ ಜುಲೈಯಲ್ಲಿ ನವಮಂಗಳೂರಿನಿಂದ ಅದಿರಿನ ಪುಡಿ ತುಂಬಿಕೊಂಡು ಹೊರಟ ಏಷ್ಯನ್ ಫಾರೆಸ್ಟ್ ಹಡಗು ಮುಳುಗಿದ್ದು ಮಂಗಳೂರಿನ ಸಮೀಪದಲ್ಲೇ. ಇದಕ್ಕೆ ಹಡಗಿನವರು ಮಾಡುವ ಒಂದು ಸರಳ ಪರೀಕ್ಷೆ ಇದೆ. ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಯುವ ಡಬ್ಬಿಗೆ ಅರ್ಧದವರೆಗೆ ಅದಿರು ಹಾಕಿ, 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ, ಒಂದೆರಡು ಸೆಕೆಂಡಿಗೊಮ್ಮೆ ಕುಟ್ಟಬೇಕು. ಮೇಲೆ ನೀರು ಜಿನುಗಿದರೆ ಅಥವಾ ಅದಿರು ರಾಗಿ ಅಂಬಲಿಯಂತೆ ಅಲುಗಿದರೆ, ಪ್ರಯೋಗಾಲಯದ ವರದಿ ಬರುವ ತನಕ ತುಂಬುವಂತಿಲ್ಲ. ಒಣಗಿದಂತೆ ಕಂಡಿತೆಂದು ಪಾಸಾಯಿತು ಎಂದು ಮಾತ್ರ ತಿಳಿಯಬಾರದು.

ಪಕ್ಕದಲ್ಲೇ ಕಡಲಿದೆಯಲ್ಲ, ಅದನ್ನೇ ಹೊಡೆಯಲಿ ಎನ್ನುವವರಿದ್ದಾರೆ. ಸಮುದ್ರದ ಲೀಟರ್ ನೀರಿನಲ್ಲಿ 35 ಗ್ರಾಂ ಉಪ್ಪು. ಟನ್‌ಗೆ 10 ಲೀಟರಿನಂತೆ 50,000 ಟನ್‌ಗೆ ಲೆಕ್ಕ ಹಾಕಿದರೆ ಹದಿನೇಳೂವರೆ ಟನ್ ಉಪ್ಪು ಅದಿರಿಗೆ ಸೇರುತ್ತದೆ. ಕನ್ವೇಯರಿನ ರೋಲರ್, ಬೇರಿಂಗ್‌ಗಳು ತುಕ್ಕು ಹಿಡಿಯುವುದು ಬೇರೆ.

ಕುಡಿಯುವ ನೀರಂತೂ ಬೇಡವೇ ಬೇಡ. ಬೇಸಿಗೆಯಲ್ಲಿ ತುಂಬೆ ಅಣೆಕಟ್ಟೆಯ ಮಟ್ಟ ಇಳಿದರೆ ಮಂಗಳೂರಿನ ನಲ್ಲಿಗಳಿಗೇ ದಿನ ಬಿಟ್ಟು ದಿನ ನೀರು. ಬಂದರಿನ ನೆರೆಯ ತೈಲ ಶುದ್ಧೀಕರಣಾಗಾರ ನಗರದ ಸಂಸ್ಕರಿಸಿದ ಕೊಳಚೆ ನೀರನ್ನೂ, ತಣ್ಣೀರುಬಾವಿಯಲ್ಲಿ ಉಪ್ಪು ತೆಗೆದ ಕಡಲ ನೀರನ್ನೂ ಬಳಸುವ ದಾರಿ ಹಿಡಿದಿದ್ದು ಇದೇ ಬರದ ಪೆಟ್ಟು ತಿಂದು.

ಅದಿರು ರಾಶಿ ಹಾಕುವ ಯಾರ್ಡಿಗೆ ಬೇಕಾದ ನೀರು ಯಾರ್ಡಿನ ಮೇಲೇ ಸುರಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಎಂದರೆ ಒಂದು ಹೆಕ್ಟೇರಿಗೆ ಮೂರೂವರೆ ಕೋಟಿ ಲೀಟರ್. ದಿನಕ್ಕೆ ಮೂರು ಸಲದಂತೆ 150 ದಿನ ಸಿಂಪಡಿಸಿದರೂ ಬೇಕಾಗುವುದು 90 ಲಕ್ಷ ಲೀಟರ್. ದಿನಕ್ಕೆ 5 ಮಿಲಿಮೀಟರ್ ಆವಿಯಾಗುವುದನ್ನೂ ಸೇರಿಸಿ ನೋಡಿದರೆ, ಹೆಕ್ಟೇರ್ ಯಾರ್ಡಿಗೆ 4 ಮೀಟರ್ ಆಳದ, 2,800 ಚದರ ಮೀಟರಿನ ಹೊಂಡ ಸಾಕು.

ತೋಡುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಯಾರ್ಡಿನಿಂದ ಹರಿಯುವ ಕೆಂಪು ನೀರಿನಲ್ಲಿ 10 ಮೈಕ್ರಾನ್ ಗಾತ್ರದ ಅದಿರಿನ ಕಣ 2 ಮೀಟರ್ ಇಳಿಯಲು ಎರಡೂವರೆ ಗಂಟೆ ಹಿಡಿದರೆ, 2 ಮೈಕ್ರಾನಿನ ಜೇಡಿಗೆ ಆರು ದಿನ ಬೇಕು. ಪಟಿಕ ಹಾಕದೆ ಅದು ತಿಳಿಯಾಗುವುದಿಲ್ಲ, ತಿಳಿಯಾಗದ ನೀರು ರೇನ್‌ಗನ್ನಿನ ನಾಜಲ್ ಕಟ್ಟಿಸುತ್ತದೆ. ಹೂಳು ಕೂರುವ ತೊಟ್ಟಿ ಒಂದೇ ಇದ್ದರೆ ಅದನ್ನು ಬಳಿಯುವ ದಿನ ಕೆಂಪು ನೀರು ನೇರ ಕಡಲಿಗೆ. ಎರಡಿರಬೇಕು, ಲೋಡರ್ ಇಳಿಯಲು ಇಳಿಜಾರೂ ಇರಬೇಕು. ಇನ್ನೊಂದು ಗುಟ್ಟು: ಕಡಲಂಚಿನ ಮರಳಿನಲ್ಲಿ ಅಂತರ್ಜಲ ಮೇಲೆಯೇ ಇರುವುದರಿಂದ, ಹೊಂಡ ಖಾಲಿಯಾದಾಗ, ನೀರು ಇಂಗದಂತೆ ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಬಲೂನಿನಂತೆ ಉಬ್ಬಿ ಸೀಳಿಹೋಗುತ್ತದೆ. ಹಾಳೆಯ ಕೆಳಗೆ ಬಸಿಗಾಲುವೆ, ಮೇಲೆ ಭಾರ ಎರಡೂ ಬೇಕು.

ಇದೇನು ಹೊಸ ವಿದ್ಯೆಯಲ್ಲ. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡದ ಕೋಡಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಹೂಳು ಮೇಲಿನದರಲ್ಲೇ ನಿಂತು, ಕೆಳಗಿನದಕ್ಕೆ ತಿಳಿನೀರು ಇಳಿಯುತ್ತಿತ್ತು.

ಗಣಿಗಳಿರುವ ಈ ತುದಿಯಲ್ಲೂ ಕೆಲಸವಿದೆ. ಅದಿರು ತುಂಬುವ ರೈಲು ಸೈಡಿಂಗ್‌ಗಳಲ್ಲಿ ಕೊಳವೆಬಾವಿಯ ನೀರು ಹೊಡೆಯುವುದು ನಿಲ್ಲಬೇಕು, ಗಣಿಗುಂಡಿಯಲ್ಲಿ ನಿಂತ ನೀರೇ ಸಾಕು. ಹೊರಮೈ ತೋಯಿಸಿ ಟಾರ್ಪಾಲಿನ್ ಕಟ್ಟಿದರೆ ಘಟ್ಟ ಇಳಿಯುವವರೆಗೆ ಧೂಳೇಳುವುದಿಲ್ಲ. ಪ್ರತಿ ಲೋಡಿನ ಚೀಟಿಯಲ್ಲಿ ತೂಕದ ಜೊತೆಗೆ ತೇವಾಂಶವನ್ನೂ ಬರೆದು ಕಳಿಸಲಿ. ಅಳೆಯಲು 105 ಡಿಗ್ರಿಯ ಓವನ್, ಒಂದು ತಕ್ಕಡಿ ಇದ್ದರಾಯಿತು.

– ಇಬ್ಬರು ಓದುಗರು, ಚಿತ್ರದುರ್ಗ