ವಾರಾಹಿ ನೀರಿನ ವೇಳಾಪಟ್ಟಿ ರೈತರಿಗೂ ತಿಳಿಯಲಿ

ಮಾನ್ಯ ಸಂಪಾದಕರೇ,

ಘಟ್ಟದ ಮೇಲಿನ ಮಾಣಿ ಅಣೆಕಟ್ಟಿನಲ್ಲಿ ತುಂಬಿದ ವಾರಾಹಿ ನದಿಯ ನೀರು ಸುರಂಗದ ಮೂಲಕ ಇಳಿದು, ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ತಲಾ 115 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳನ್ನು ತಿರುಗಿಸಿ ಹೊರಬಂದ ಮೇಲೂ ಅದರ ಕೆಲಸ ಮುಗಿಯುವುದಿಲ್ಲ. ಅದೇ ನೀರು ಸಿದ್ದಾಪುರ ಸಮೀಪದ ಹೊರಿಯಬ್ಬೆಯಲ್ಲಿ ಕಾಲುವೆಗೆ ತಿರುಗಿ ಕುಂದಾಪುರ ಭಾಗದ ಗದ್ದೆಗಳಿಗೆ ಹರಿಯುತ್ತದೆ. ಬೇಸಿಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತುವುದನ್ನು ಕಂಡ ಉಡುಪಿ ನಗರವೂ ಕುಡಿಯುವ ನೀರಿಗಾಗಿ ವಾರಾಹಿಯನ್ನೇ ನೆಚ್ಚಿದೆ.

ಆದರೆ ವಿದ್ಯುತ್ತಿನ ಬೇಡಿಕೆ ಏರುವ ಹೊತ್ತಿಗೆ ಘಟಕಗಳು ಓಡುತ್ತವೆ; ಗದ್ದೆಗೆ ನೀರು ಬೇಕಾಗುವ ಹೊತ್ತು ಬೇರೆ. ಕಳೆದ ಸುಗ್ಗಿಯಲ್ಲಿ, ಅಂದರೆ ಎರಡನೆಯ ಭತ್ತದ ಬೆಳೆಯಲ್ಲಿ, ನಮ್ಮ ಗದ್ದೆಯ ನೇಜಿ (ಭತ್ತದ ಸಸಿ) ನೆಟ್ಟ ಎರಡನೆಯ ವಾರವೇ ಉಪಕಾಲುವೆ ಒಣಗಿತು, ಕಾರಣ ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರು. ಕಾಲುವೆಯಲ್ಲಿ ಹುಲ್ಲು ಮಾತ್ರ ಸಮೃದ್ಧವಾಗಿತ್ತು ಎನ್ನಿ. 1979ರಲ್ಲಿ ಮಂಜೂರಾದ ನೀರಾವರಿ ಯೋಜನೆಗೆ ಇಷ್ಟು ವರ್ಷ ಕಾದವರಿಗೆ, ಹೊಸ ಕಾಮಗಾರಿಗಿಂತ ಮೊದಲು ಇರುವ ಉಪಕಾಲುವೆಗಳ ಹೂಳೆತ್ತುವುದೇ ಹೆಚ್ಚು ಉಪಕಾರವಾದೀತು.

ಸುಗ್ಗಿ ಬಿತ್ತನೆಗೆ ಮುನ್ನವೇ, ಯಾವ ವಾರ ಯಾವ ಕಾಲುವೆಗೆ ನೀರು ಬಿಡಲಾಗುವುದೆಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳಲ್ಲಿ ಪ್ರಕಟಿಸಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

– ಓರ್ವ ಕೃಷಿಕ, ಉಡುಪಿ ಜಿಲ್ಲೆ