ಡಿಸೆಂಬರ್ ಬೇಡ, ಮಾರ್ಚ್‌ನಲ್ಲಿ ಬನ್ನಿ

ವಿನಿಪೆಗ್, ಕೆನಡಾ
ಅಕ್ಟೋಬರ್ 12

ಪ್ರೀತಿಯ ಅಪ್ಪಯ್ಯ, ಅಮ್ಮನಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟನ ಕೆಮ್ಮು ಇಳಿದಿದೆ. ಅಮ್ಮ ಹೇಳಿದ ಕಷಾಯವನ್ನೇ ಮಾಡಿ ಕುಡಿಸಿದೆ.

ಭಾನುವಾರ ಫೋನಿನಲ್ಲಿ ಅರ್ಧ ಮಾತು ಕೇಳಿಸಲೇ ಇಲ್ಲ. "ಡಿಸೆಂಬರ್‌ಗೆ ಬರ್ತೇವೆ, ಈ ಸಲ ಅಡಿಕೆ ತೋಟ ಚೇಣಿಗೆ ಕೊಟ್ರಾಯ್ತು" ಎಂದು ಅಪ್ಪಯ್ಯ ಹೇಳಿದ್ದು ಮಾತ್ರ ಸರಿಯಾಗಿ ಕೇಳಿಸಿತು. ಅವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ. ಫೋನಿನಲ್ಲಿ ಮತ್ತೆ ಅರ್ಧಂಬರ್ಧ ಆಗುವುದು ಬೇಡ ಅಂತ ಬರೆಯುತ್ತಿದ್ದೇನೆ. ನಿಧಾನವಾಗಿ ಇಬ್ಬರೂ ಓದಿ.

ನೀವು ಬರಲೇಬೇಕು. ಆದರೆ ಡಿಸೆಂಬರ್ ಬೇಡ, ಶಿವರಾತ್ರಿ ಮುಗಿಸಿಕೊಂಡು ಮಾರ್ಚ್ ಎರಡನೇ ವಾರ ಹೊರಡಿ. ತೋಟವನ್ನು ಚೇಣಿಗೆ ಕೊಡಬೇಡಿ, ಫಸಲನ್ನು ಇನ್ನೊಬ್ಬರಿಗೆ ಗುತ್ತಿಗೆ ಬಿಡಬೇಡಿ. ಎದುರಿಗೆ ನಿಂತು ಅಡಿಕೆ ಗೊನೆ ಇಳಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಒಳಗೆ ಹಾಕಿದರೇ ಅಪ್ಪಯ್ಯನಿಗೆ ಸಮಾಧಾನ. ಅದು ನನಗೆ ಗೊತ್ತಿಲ್ವಾ? ಬೇರೆಯವರು ನಿಮ್ಮ ಮರ ಹತ್ತುತ್ತಿರುವಾಗ ನೀವು ಇಲ್ಲಿ ಕಿಟಕಿ ಪಕ್ಕ ಕೂತಿರುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಇನ್ನೊಂದು ಕಾರಣ ಅಮ್ಮನ ಉಬ್ಬಸ. ಇಲ್ಲಿ ಜನವರಿಯಲ್ಲಿ ರಾತ್ರಿಯ ಸರಾಸರಿಯೇ ಮೈನಸ್ 20ರ ಹತ್ತಿರ. ಗಾಳಿ ಬೀಸಿದರೆ ಮೈಗೆ ಮೈನಸ್ 40ರ ಹಾಗೆ ತಾಗುತ್ತದೆ. ಆ ಒಣ ಗಾಳಿಯನ್ನು ಒಂದೇ ಸಲ ಎಳೆದುಕೊಂಡರೆ ಆರೋಗ್ಯವಾಗಿರುವ ನನಗೇ ಎದೆ ಹಿಡಿದ ಹಾಗಾಗುತ್ತದೆ. ಡಿಸೆಂಬರ್ ಕೊನೆಗೆ ಬೆಳಗಾಗುವುದು ಎಂಟೂವರೆಯ ಹತ್ತಿರ, ಸಂಜೆ ನಾಲ್ಕೂವರೆಗೆ ಕತ್ತಲೆ. ಕಾರಿಗೂ ರಾತ್ರಿ ಕರೆಂಟು ಕೊಟ್ಟು ಎಂಜಿನ್ ಬೆಚ್ಚಗಿಡಬೇಕು. ಪ್ರತಿ ಕಾರಿನ ಮೂತಿಯಿಂದಲೂ ಒಂದು ವೈರ್ ನೇತಾಡುತ್ತಿರುತ್ತದೆ.

ಒಂದು ವಿಷಯ ನಿಮಗೆ ಇಷ್ಟು ದಿನ ಹೇಳಿರಲಿಲ್ಲ. ನಾನು ಬಂದ ಮೊದಲನೇ ಜನವರಿ. ಬೆಂಗಳೂರಿನಲ್ಲಿ ಕೊಂಡ ಉಣ್ಣೆ ಟೋಪಿ ಹಾಕಿಕೊಂಡು ಬಸ್ಸಿಗೆ ನಿಂತಿದ್ದೆ. ಟೋಪಿ ಕಿವಿಯ ಅರ್ಧಕ್ಕೇ ಬರುತ್ತಿತ್ತು. ಬಸ್ಸು ಇಪ್ಪತ್ತು ನಿಮಿಷ ತಡ. ಮೊದಲು ಕಿವಿಯ ತುದಿ ಉರಿಯಿತು, ಆಮೇಲೆ ಏನೂ ಗೊತ್ತಾಗಲಿಲ್ಲ. ಸರಿಹೋಯಿತು ಅಂದುಕೊಂಡೆ. ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಕೆಂಡ ಇಟ್ಟ ಹಾಗೆ ನೋವು. ಮಾರನೇ ದಿನ ಗುಳ್ಳೆ ಎದ್ದು, ವಾರದ ಮೇಲೆ ಸಿಪ್ಪೆ ಸುಲಿಯಿತು. ಈಗಲೂ ಚಳಿ ಶುರುವಾದರೆ ಎಲ್ಲಕ್ಕಿಂತ ಮೊದಲು ಆ ಎಡಗಿವಿಗೇ ಗೊತ್ತಾಗುತ್ತದೆ. ಇದನ್ನು ಹೆದರಿಸಲು ಬರೆಯುತ್ತಿಲ್ಲ. "ಏನಾಗತ್ತೆ, ಶಾಲು ಹೊದ್ದುಕೊಂಡ್ರಾಯ್ತು" ಅಂತ ಅಮ್ಮ ಅಂದಳಲ್ಲ, ಅದಕ್ಕೆ ಬರೆದೆ.

ಹಾಗಾದರೆ ಹಿಮ ನೋಡುವ ಆಸೆ? ಮಾರ್ಚ್ ಮಧ್ಯದಲ್ಲೂ ಇಲ್ಲಿ ನೆಲ ಬೆಳ್ಳಗೇ ಇರುತ್ತದೆ. ಹಗಲು ಸೊನ್ನೆಯ ಆಸುಪಾಸು, ರಾತ್ರಿ ಮೈನಸ್ 10. ನಡುವೆ ಒಂದೆರಡು ಕೆಟ್ಟ ದಿನ ಬಂದೇ ಬರುತ್ತವೆ, ಅವತ್ತು ಮನೆಯಲ್ಲೇ ಇರೋಣ. ಹಗಲು ಹನ್ನೆರಡು ಗಂಟೆಯಷ್ಟು ಇರುತ್ತದೆ. ಯುಗಾದಿಗೆ ನೀವು ನಮ್ಮ ಮನೆಯಲ್ಲಿರುತ್ತೀರಿ ಅಂತ ಪುಟ್ಟ ಈಗಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾನೆ.

ಅಪ್ಪಯ್ಯ, ನಿಮಗೆ ನಾನು ತೋರಿಸಬೇಕೆಂದಿರುವುದು ನದಿ. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರಿದ ಹಾಗೆ ಇಲ್ಲಿ ಊರ ನಡುವೆಯೇ ರೆಡ್ ಮತ್ತು ಅಸಿನಿಬೋಯಿನ್ ನದಿಗಳು ಸೇರುತ್ತವೆ. ಆ ಜಾಗಕ್ಕೆ 'ದಿ ಫೋರ್ಕ್ಸ್' ಎನ್ನುತ್ತಾರೆ. ಇಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಬಂದು ಸೇರುತ್ತಿದ್ದ ಸಂಗಮ ಅದು. ಚಳಿಗಾಲದಲ್ಲಿ ಎರಡೂ ನದಿ ಗಟ್ಟಿಯಾಗಿ, ಜನ ಅದರ ಮೇಲೇ ಓಡಾಡುತ್ತಾರೆ. ನೀವು ಬರುವ ಹೊತ್ತಿಗೆ ಮಂಜುಗಡ್ಡೆ ಸಡಿಲಾಗುತ್ತಿರುತ್ತದೆ, ದಡದಿಂದಲೇ ನೋಡೋಣ. ಒಂದು ದಿನ ಅದು ಒಡೆಯುತ್ತದೆ. ಚಪ್ಪಡಿ ಚಪ್ಪಡಿಯಾಗಿ ಒಂದರ ಮೇಲೊಂದು ಏರಿ, ಕಿರ್ ಎಂದು ಸದ್ದು ಮಾಡುತ್ತಾ ಹೋಗುತ್ತದೆ. ಮೊದಲ ಸಲ ಕೇಳಿದಾಗ ನಮ್ಮ ಹಳ್ಳದ ಮೊದಲ ನೆರೆ ನೆನಪಾಗಿ ಅಲ್ಲೇ ನಿಂತುಬಿಟ್ಟಿದ್ದೆ.

ರೆಡ್ ನದಿ ಉತ್ತರಕ್ಕೆ ಹರಿಯುತ್ತದೆ. ದಕ್ಷಿಣದಲ್ಲಿ ಹಿಮ ಕರಗಿ ನೀರು ಬರುವಾಗ ಉತ್ತರದಲ್ಲಿ ಇನ್ನೂ ಗಡ್ಡೆ ಕಟ್ಟಿರುತ್ತದೆ. ನೀರಿಗೆ ಮುಂದೆ ಹೋಗಲು ದಾರಿಯಿಲ್ಲ, ನೆಲವೋ ಹಪ್ಪಳದ ಹಾಗೆ ಸಪಾಟು. ಹಾಗಾಗಿ ಸುತ್ತಲೂ ಹರಡಿಕೊಳ್ಳುತ್ತದೆ. ಅದಕ್ಕೇ 1962ರಿಂದ 1968ರವರೆಗೆ ಊರಿನ ಹೊರಗೆ 47 ಕಿಲೋಮೀಟರ್ ಉದ್ದದ ಕಾಲುವೆ ತೋಡಿದರು. 1997ರ ದೊಡ್ಡ ನೆರೆಯಲ್ಲಿ ಊರನ್ನು ಉಳಿಸಿದ್ದು ಅದೇ. ತೋಟದ ಬಸಿಗಾಲುವೆಗಳನ್ನು ವರ್ಷಾವರ್ಷ ಬಿಡಿಸುವ ನಿಮಗೆ ಅದನ್ನು ನೋಡಿದರೆ ಖುಷಿಯಾಗುತ್ತದೆ. ಮೇ ತಿಂಗಳಲ್ಲಿ ಗೋಧಿ ಮತ್ತು ಕೆನೋಲಾ ಎಂಬ ಎಣ್ಣೆಕಾಳಿನ ಬಿತ್ತನೆ ಶುರುವಾಗುತ್ತದೆ. ಅದನ್ನೂ ನೋಡಿಕೊಂಡು ಮೇ ಕೊನೆಯ ವಾರ ಹೊರಟರೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಹೊತ್ತಿಗೆ ಊರಲ್ಲಿರುತ್ತೀರಿ.

ಇನ್ನು ನಯಾಗರ. "ಒಂದು ದಿನ ಹೋಗಿ ಬಂದ್ರಾಯ್ತು" ಅಂದಿದ್ದಿರಿ. ಅದು ಇರುವುದು ಟೊರೊಂಟೊ ನಗರದ ಹತ್ತಿರ. ಇಲ್ಲಿಂದ ಟೊರೊಂಟೊಗೆ ರಸ್ತೆಯಲ್ಲಿ ಸುಮಾರು 2,200 ಕಿಲೋಮೀಟರ್, ಬೆಂಗಳೂರಿನಿಂದ ದೆಹಲಿಗೆ ಹೋದಷ್ಟು. ಈ ದೇಶ ನಮ್ಮ ದೇಶದ ಮೂರು ಪಟ್ಟು ದೊಡ್ಡದು. ಜನ ಮಾತ್ರ ನಾಲ್ಕು ಕೋಟಿ ಚಿಲ್ಲರೆ, ಕರ್ನಾಟಕದಲ್ಲೇ ಅದಕ್ಕಿಂತ ಜಾಸ್ತಿ ಇದ್ದೇವೆ. ರೈಲಿದೆ, ಆದರೆ ಎರಡು ರಾತ್ರಿ ಬೇಕು. ಸರಕಿನ ಗಾಡಿಗೆ ದಾರಿ ಬಿಡುತ್ತಾ ಅದು ಎಷ್ಟು ತಡ ಮಾಡುತ್ತದೋ ಹೇಳಲಾಗದು. ಹಾಗಾಗಿ ಮೇನಲ್ಲಿ ವಾಪಸ್ ಹೋಗುವಾಗ ನಾನೂ ಟೊರೊಂಟೊವರೆಗೆ ಜೊತೆಗೆ ಬರುತ್ತೇನೆ. ಮೂರು ದಿನ ಅಲ್ಲಿದ್ದು ನಯಾಗರ ನೋಡೋಣ, ಆಗ ದೋಣಿಯೂ ಓಡುತ್ತಿರುತ್ತದೆ. ಎತ್ತರದಲ್ಲಿ ಅದು ನಮ್ಮ ಜೋಗದ ಕಾಲು ಭಾಗವೂ ಇಲ್ಲ. ನೀರು ಮಾತ್ರ ನೋಡಿ ದಣಿಯುವುದಿಲ್ಲ. ರಾಕಿ ಪರ್ವತಗಳನ್ನು ಈ ಸಲ ಬಿಟ್ಟುಬಿಡೋಣ. ಅದು ಇನ್ನೊಂದು ದಿಕ್ಕಿಗೆ, ಅದೂ ದೂರವೇ. ಓಡಾಡಿ ಸುಸ್ತಾಗುವುದು ಬೇಡ.

ಕಾಗದಪತ್ರದ ಕೆಲಸ ಈಗಲೇ ಶುರು ಮಾಡಬೇಕು, ವೀಸಾಕ್ಕೆ ಎಷ್ಟು ದಿನ ಹಿಡಿಯುತ್ತದೆ ಅಂತ ಹೇಳುವ ಹಾಗಿಲ್ಲ. ಅರ್ಜಿ ನಾನೇ ಇಲ್ಲಿಂದ ತುಂಬುತ್ತೇನೆ. ಪಹಣಿ, ಸೊಸೈಟಿಯ ಪಾಸ್‌ಬುಕ್, ಪಾಸ್‌ಪೋರ್ಟಿನ ಎಲ್ಲಾ ಪುಟಗಳ ಫೋಟೋ ತೆಗೆದು ತಮ್ಮನ ಹತ್ತಿರ ಕಳಿಸಲು ಹೇಳಿ. ಬೆರಳಚ್ಚು ಕೊಡಲು ಒಂದು ಸಲ ಬೆಂಗಳೂರಿಗೆ ಹೋಗಬೇಕಾಗುತ್ತದೆ. ನೋಡಲು ಬಂದವರಿಗೆ ಇಲ್ಲಿನ ಸರ್ಕಾರಿ ಚಿಕಿತ್ಸೆ ಸಿಗುವುದಿಲ್ಲ, ಅದಕ್ಕೆ ಇನ್ಶೂರೆನ್ಸ್ ಮಾಡಿಸುತ್ತೇನೆ. ಅಪ್ಪಯ್ಯ, ಬಿಪಿ ಮಾತ್ರೆಯ ವಿಷಯ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕಷ್ಟಕಾಲದಲ್ಲಿ ಅವರು ದುಡ್ಡು ಕೊಡದೇ ಇರಬಹುದು. ಮೂರು ತಿಂಗಳ ಮಾತ್ರೆ, ಅಮ್ಮನ ಇನ್‌ಹೇಲರ್, ಡಾಕ್ಟರ ಚೀಟಿ ಎಲ್ಲ ಕೈಚೀಲದಲ್ಲೇ ಇರಲಿ. ಟಿಕೆಟ್ ಮಾಡುವಾಗ ಗಾಲಿಕುರ್ಚಿ ಬೇಕೆಂದು ಹೇಳಿರುತ್ತೇನೆ. ಬೇಡ ಅನ್ನಬೇಡಿ. ಟೊರೊಂಟೊದಲ್ಲಿ ಸಾಮಾನು ತೆಗೆದು ಮತ್ತೆ ಕೊಡಬೇಕಾಗಬಹುದು. ಕುರ್ಚಿ ತಳ್ಳುವವರು ಸರಿಯಾದ ಬಾಗಿಲಿಗೆ ಕರೆದುಕೊಂಡು ಹೋಗುತ್ತಾರೆ.

ಅಮ್ಮ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ತಾ. ಹಸಿ ಸೊಪ್ಪು, ವೀಳ್ಯದೆಲೆ, ಗಿಡ, ಬೀಜ ಬೇಡ. ತಂದದ್ದನ್ನೆಲ್ಲ ಅಧಿಕಾರಿಗಳಿಗೆ ಹೇಳಲೇಬೇಕು, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಹಾಕುತ್ತಾರೆ. ಕೊಬ್ಬರಿ ಎಣ್ಣೆ ಇಲ್ಲಿ ಸಿಗುತ್ತದೆ. ಚಳಿಗಾಲವಿಡೀ ಬಾಟಲಿಯಲ್ಲಿ ತುಪ್ಪದ ಹಾಗೆ ಗಟ್ಟಿಯಾಗಿರುತ್ತದೆ, ಚಮಚದಲ್ಲಿ ಕೆರೆದು ಅಂಗೈಯಲ್ಲಿ ಕರಗಿಸಿಕೊಳ್ಳಬೇಕು. ಹೀಟರಿನ ಗಾಳಿಗೆ ಮೂಗು ಒಣಗುತ್ತದೆ, ರಾತ್ರಿ ಒಂದು ತೊಟ್ಟು ಹಚ್ಚಿಕೊಂಡರೆ ಹಿತ.

ಸ್ವೆಟರ್, ಜರ್ಕಿನ್ ಅಂತ ಅಲ್ಲಿ ದುಡ್ಡು ಹಾಕಬೇಡಿ, ಇಲ್ಲಿನ ಚಳಿಗೆ ಅವು ಸಾಲುವುದಿಲ್ಲ. ಒಳಗೆ ಮೈಗಂಟುವ ಥರ್ಮಲ್, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ದೊಡ್ಡ ಕೋಟು. ಕೋಟುಗಳನ್ನು ಆಗಲೇ ತಂದಿಟ್ಟಿದ್ದೇನೆ. ಟೊರೊಂಟೊಗೇ ಬಂದು ನಿಮಗೆ ಹಾಕಿಸಿ ಕರೆದುಕೊಂಡು ಬರುತ್ತೇನೆ.

ಬೂಟು ಮಾತ್ರ ಕೊಂಡಿಲ್ಲ. ಅಂಗಡಿಯಲ್ಲಿ ಒಂದೊಂದೇ ಜೊತೆ ಎತ್ತಿ ನೋಡಿ ಇಟ್ಟು ಬಂದೆ. ಅಮ್ಮ ಜೀವಮಾನವಿಡೀ ತೋಟದಲ್ಲಿ ಬರಿಗಾಲಲ್ಲಿ ಓಡಾಡಿದವಳು. ಅವಳ ಪಾದ ಮುಂದೆ ಅಗಲ, ಹೆಬ್ಬೆರಳು ಬೇರೆಯಾಗಿ ನಿಲ್ಲುತ್ತದೆ. ಬಿಗಿಯಾದರೆ ಬೆರಳಿಗೆ ರಕ್ತ ಓಡದೆ ಚಳಿ ಬೇಗ ಹಿಡಿಯುತ್ತದೆ. ಅದಕ್ಕೆ ಇಬ್ಬರೂ ಒಂದೊಂದು ಹಾಳೆಯ ಮೇಲೆ ಕಾಲಿಟ್ಟು ನಿಂತುಕೊಳ್ಳಿ. ತಮ್ಮನೇ ಕಾಲಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಲಿ. ಆ ಹಾಳೆಗಳನ್ನೇ ಮಡಿಸಿ ಅಂಚೆಗೆ ಹಾಕಿ. ಬರುವ ಹೊತ್ತಿಗೆ ಬೂಟು ಬಾಗಿಲ ಹತ್ತಿರ ಇರುತ್ತದೆ.

ನಿಮ್ಮ ಪ್ರೀತಿಯ ಮಗಳು